ಉತ್ತಮ ಕೋಚ್ ಯಾರೆಂದು ಭಾಂಡೆ ಅಂಗಡಿಗೆ ಗೊತ್ತು

ಹೆಸರು ಕೆತ್ತುವವನ ಮೇಲೆ ಸಂಶಯಪಡದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಬಂದು ನನ್ನ ಮುಖದಲ್ಲಿ ಏನೋ ಓದಲು ನೋಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಸೋಲಾಪುರದ ನವಿ ಪೇಠದಲ್ಲಿ ನಮ್ಮದು ಭಾಂಡೆ, ಅಂದರೆ ಪಾತ್ರೆಗಳ ಅಂಗಡಿ. ಅಣ್ಣ ತಂಬಿಗೆ, ಕೊಡ, ಪರಾತ ಮಾರುತ್ತಿದ್ದ. ಅವುಗಳ ಮೇಲೆ ಚಾಣದಿಂದ ಹೆಸರು ಕೆತ್ತುವ ಕೆಲಸ ನನ್ನದು. ಸುತ್ತಲಿನ ಐದು ಕಾಲೇಜುಗಳು ಸೇರಿ ಪ್ರತಿವರ್ಷ ಫುಟ್‌ಬಾಲ್ ಸ್ಪರ್ಧೆ ನಡೆಸುತ್ತಿದ್ದವು. ಗೆದ್ದ ತಂಡಕ್ಕೆ ಕೊಡುವ ಶೀಲ್ಡಿನ ಬಗ್ಗೆ ಯಾರದೂ ತಕರಾರಿರಲಿಲ್ಲ, ಗೋಲು ಎಲ್ಲರ ಕಣ್ಣೆದುರೇ ಆಗುತ್ತದೆ. ತಕರಾರೆಲ್ಲ ಒಬ್ಬೊಬ್ಬರಿಗೆ ಕೊಡುವ ಕಪ್‌ಗಳದು: ಉತ್ತಮ ಆಟಗಾರ, ಉತ್ತಮ ಗೋಲ್‌ಕೀಪರ್, ಉತ್ತಮ ಕೋಚ್. ಆ ಹೆಸರುಗಳನ್ನು ಸಮಿತಿಯವರು ಬಾಗಿಲು ಹಾಕಿಕೊಂಡು ಆರಿಸುತ್ತಿದ್ದರು. ಸಮಿತಿ ಬಿಟ್ಟರೆ ಬಹುಮಾನ ಸಮಾರಂಭಕ್ಕೆ ಮೊದಲು ಅವು ಗೊತ್ತಿರುತ್ತಿದ್ದುದು ಕಪ್‌ಗಳ ಮೇಲೆ ಕೆತ್ತುವ ನನಗೊಬ್ಬನಿಗೇ.

೧. ತಂಬಿಗೆಯ ಮೇಲಿನ ಹೆಸರು

ಅಕ್ಕಲಕೋಟದ ಕಡೆಯ ಕಾಲೇಜಿನ ಕೋಚ್ ಸಮಾರಂಭಕ್ಕೆ ನಾಲ್ಕು ದಿನ ಮೊದಲು ಅಂಗಡಿಗೆ ಬಂದರು. ಒಂದು ತಂಬಿಗೆ ಆರಿಸಿದರು. ಆರಿಸುವಾಗ ಕಣ್ಣು ಮಾತ್ರ ಕಪ್‌ಗಳನ್ನಿಟ್ಟು ಬೀಗ ಹಾಕಿದ್ದ ಕಪಾಟಿನ ಮೇಲಿತ್ತು.

"ಇದರ ಮ್ಯಾಲ ನನ್ನ ಹೆಸರು ಹಾಕ್ರಿ," ಅಂದರು.

ನಾನು ಕೆತ್ತತೊಡಗಿದೆ. ಅವರ ಹೆಸರು, ಅದರ ಮುಂದೆ ತಂದೆಯ ಹೆಸರು, ಕಡೆಗೆ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಅವರು ಬಗ್ಗಿ ನೋಡಿದರು.

"ನಮ್ಮ ತಂದಿ ಹೆಸರು ನಾ ಹೇಳೇ ಇಲ್ಲಲ್ರಿ?"

"ಗೊತ್ತದ ರೀ."

"ಹಂಗೇನು," ಅಂದು ಆಚೀಚೆ ನೋಡಿ ದನಿ ಇಳಿಸಿದರು. "ನಾ ಏನೂ ಕೇಳಿಲ್ಲ. ನೀವೂ ಏನೂ ಹೇಳಿಲ್ಲ."

ಸಮಾರಂಭದ ದಿನ ನೋಡಿದರೆ ಅವರ ಮನೆಮಂದಿಯೆಲ್ಲ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಕಪ್ ಮಾತ್ರ ಸೋಲಾಪುರದ ಕೋಚ್‌ಗೆ ಹೋಯಿತು. ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ತಂಬಿಗೆ ಹಿಡಿದುಕೊಂಡು ಇವರು ಬಾಗಿಲಲ್ಲಿ ನಿಂತಿದ್ದರು.

"ಖರೆ ಹೇಳ್ರಿ. ಮೊದಲು ಕಪ್ಪಿನ ಮ್ಯಾಲ ನನ್ನ ಹೆಸರು ಕೆತ್ತಿ ಆಮ್ಯಾಲ ಅಳಿಸೀರಿ ಹೌದಲ್ಲೋ?"

"ಇಲ್ರೀ ಸರ್. ನಿಮ್ಮ ಲಗ್ನದ ಭಾಂಡೆಕ್ಕೆಲ್ಲಾ ನಾನೇ ಹೆಸರು ಹಾಕೀನಿ. ಅದಕ್ಕ ನಿಮ್ಮ ತಂದಿ ಹೆಸರು ಗೊತ್ತಿತ್ತು."

ಅವರು ತಂಬಿಗೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದರು. "ಅದನ್ನ ಅವತ್ತೇ ಹೇಳಿದ್ರ," ಅಂದರು, "ನಾ ಅತ್ತಿ-ಮಾವನ್ನ ಕರಸ್ತಿದ್ದಿಲ್ಲ."

೨. ತಂದೆಯ ತಪಾಸಣೆ

ಇನ್ನೊಂದು ವರ್ಷ ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ದೊಡ್ಡ ರೈತರು ಬಂದರು. ರುಮಾಲು ಸರಿಮಾಡಿಕೊಂಡು ಚೀಲದಿಂದ ಒಂದು ಕಪ್ ತೆಗೆದು ನನ್ನೆದುರಿಗಿಟ್ಟರು. ಉತ್ತಮ ಗೋಲ್‌ಕೀಪರ್ ಕಪ್ ಅದು, ನಾನೇ ಕೆತ್ತಿದ್ದು.

"ಇದನ್ನ ನನ್ನ ಮಗ ನಿಮ್ಮ ಕಡೀನೇ ಖರೀದಿ ಮಾಡ್ಯಾನಲ್ಲ?"

"ಇಲ್ರೀ ಯಜಮಾನ್ರ. ಸಮಿತಿಯವರು ಕೊಟ್ಟಾರ."

"ಪರೀಕ್ಷಾದಾಗ ನಪಾಸ ಆಗ್ಯಾನ. ಅದನ್ನ ಮುಚ್ಚಾಕ ಇದನ್ನ ತಂದು ಜಗಲಿ ಮ್ಯಾಲ ಇಟ್ಟಾನಂತ ನನಗ ಸಂಶೇ ಅದ."

ನಾನು ಸಮಿತಿಯ ಪತ್ರ ತೋರಿಸಿದೆ. ಪತ್ರ ಮರಾಠಿಯಲ್ಲಿತ್ತು, ಎರಡು ಸಲ ಓದಿದರು, ಕೆಳಗಿನ ಮೊಹರನ್ನು ಬೆರಳಿನಿಂದ ಉಜ್ಜಿ ನೋಡಿದರು. ಅದು ಅಳಿಸಲಿಲ್ಲ.

"ಆತು, ಕಪ್ ಖರೆ. ಆದ್ರ ಇವನ ಕೈಯಾಗಿಂದ ಒಂಬತ್ತು ಗೋಲು ಹೋಗ್ಯಾವಂತ. ಉತ್ತಮ ಹ್ಯಾಂಗ ಆದ?"

"ಉಳಿದ ಗೋಲ್‌ಕೀಪರ್‌ಗಳ ಕೈಯಾಗಿಂದ ಇನ್ನೂ ಹೆಚ್ಚು ಹೋಗ್ಯಾವ ರೀ."

ಅವರು ಕಪ್ಪನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡರು. ಮೊದಲ ಸಲ ಮುಖ ಸಡಿಲಾಯಿತು. "ಪಾಪ," ಅಂದರು, "ಅವರವರ ತಂದಿಗಳಿಗೆ ಮನ್ಯಾಗ ಭಾಳ ತ್ರಾಸ ಇರಬೇಕು."

೩. ಎರಡು ಲಕೋಟೆ

ಸಮಿತಿಯ ಸೆಕ್ರೆಟರಿ ಅರ್ಥಶಾಸ್ತ್ರದ ಪ್ರೊಫೆಸರರು. ಅವರಿಗೆ ಸಮಿತಿಯ ಮೇಲೆ ನಂಬಿಕೆಯಿಲ್ಲ, ನನ್ನ ಮೇಲಂತೂ ಮೊದಲೇ ಇಲ್ಲ. ಒಂದು ವರ್ಷ ಅವರು ಹೊಸ ಉಪಾಯ ತೆಗೆದರು. ಮೊದಲ ದಿನ ತಂದ ಲಕೋಟೆಯಲ್ಲಿ ಉತ್ತಮ ಆಟಗಾರ, ಉತ್ತಮ ಗೋಲ್‌ಕೀಪರ್ ಈ ಎರಡು ಕಪ್‌ಗಳಿಗೆ ಬರೀ ಹೆಸರುಗಳಿದ್ದವು. ಅಡ್ಡಹೆಸರುಗಳ ಲಕೋಟೆ ಸಮಾರಂಭದ ದಿನ ಬೆಳಿಗ್ಗೆ ಬಂತು.

"ಯಾವ ಅಡ್ಡಹೆಸರು ಯಾವ ಕಪ್ಪಿಗೆ ರೀ?" ಅಂತ ಕೇಳಿದೆ.

"ಅದನ್ನೂ ಹೇಳಿದ್ರ ಗುಪ್ತ ಏನು ಉಳೀತು? ಬರದ ಕ್ರಮದಾಗ ಹಾಕ್ರಿ."

ಹಾಗೇ ಹಾಕಿದೆ. ಅವರೇ ಕ್ರಮ ತಪ್ಪಿ ಬರೆದಿದ್ದರು.

ಸಂಜೆ ವೇದಿಕೆಯ ಮೇಲೆ ಸೆಕ್ರೆಟರಿ ಕಪ್ ಎತ್ತಿ ಹಿಡಿದು ಅದರ ಮೇಲಿದ್ದುದನ್ನೇ ಓದಿದರು. ಹೆಸರು ಕೇಳಿ ಒಬ್ಬ ಎದ್ದ, ಅಡ್ಡಹೆಸರು ಕೇಳಿ ಇನ್ನೊಬ್ಬ ಎದ್ದ. ಇಬ್ಬರೂ ಹೋಗಿ ಒಂದೊಂದು ಹಿಡಿಕೆ ಹಿಡಿದರು, ಇಬ್ಬರೂ ಬಿಡಲಿಲ್ಲ. ಎರಡನೇ ಕಪ್ಪಿಗೆ ಕರೆದಾಗ ಯಾರೂ ಬರಲಿಲ್ಲ, ಬರಬೇಕಾದವರು ಮೊದಲನೆಯದಕ್ಕೇ ಜೋತುಬಿದ್ದಿದ್ದರು.

ಆಮೇಲೆ ಎರಡೂ ಕಪ್ ಹೊತ್ತುಕೊಂಡು ಸೆಕ್ರೆಟರಿ ಅಂಗಡಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ಒಂದು ಮಾತು ಒಪ್ಪಬೇಕು. ಸುದ್ದಿ ಮಾತ್ರ ಹೊರಗ ಹೋಗ್ಲಿಲ್ಲ."

೪. ಖಾಲಿ ಚೀಟಿ

ಕೊನೆಗೆ ಕೋಚ್‌ಗಳೆಲ್ಲ ಸೇರಿ, ಸಮಿತಿ ಬೇಡ, ಉತ್ತಮ ಕೋಚ್ ಯಾರೆಂದು ನಾವೇ ಚೀಟಿ ಹಾಕುತ್ತೇವೆ ಅಂದರು. ನಿಯಮ ಒಂದೇ, ತನ್ನ ಹೆಸರು ತಾನು ಬರೆಯುವಂತಿಲ್ಲ. ಆ ವರ್ಷ ಅಕ್ಕಲಕೋಟದ ಕೋಚ್ ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಬದಲಿಗೆ ಅವರ ಕಾಲೇಜಿನವರು ಸಂಸ್ಕೃತದ ಮಾಸ್ತರರನ್ನು ಕಳಿಸಿದ್ದರು. ಧೋತರ, ಕೊಡೆ, ಬಹಳ ಸಾಧು ಮನುಷ್ಯ. ಮೈದಾನದ ಅಂಚಿನಲ್ಲಿ ನಿಂತು, "ಹಗೂರ ಓಡ್ರಿ, ಬಿದ್ದೀರಿ," ಅನ್ನುವುದೊಂದೇ ಅವರ ತರಬೇತಿ. ತಂಡ ನಾಲ್ಕು ಮ್ಯಾಚ್ ಆಡಿ ನಾಲ್ಕನ್ನೂ ಸೋತಿತು.

ಯಾವ ಕಾಲೇಜಿನ ಮೇಲೂ ನಂಬಿಕೆ ಇಲ್ಲದ್ದರಿಂದ ಚೀಟಿ ಎಣಿಸುವುದು ನಮ್ಮ ಅಂಗಡಿಯಲ್ಲಿ ಅಂತಾಯಿತು. ಸಂಸ್ಕೃತದ ಮಾಸ್ತರರು ಚೀಟಿ ಹಾಕಿ ಬಸ್ಸಿಗೆ ಹೊತ್ತಾಯಿತೆಂದು ಹೋದರು. ಉಳಿದ ನಾಲ್ವರು ಕೋಚ್‌ಗಳು ಡಬ್ಬಿಯ ಸುತ್ತ ನಿಂತರು, ಒಬ್ಬರ ಕೈಯ ಮೇಲೆ ಇನ್ನೊಬ್ಬರ ಕಣ್ಣು.

ಸೆಕ್ರೆಟರಿ ಮೊದಲ ಚೀಟಿ ಬಿಚ್ಚಿದರು. ಸಂಸ್ಕೃತದ ಮಾಸ್ತರರ ಹೆಸರು. ಎರಡನೆಯದೂ ಅದೇ. ಮೂರು, ನಾಲ್ಕು, ಎಲ್ಲ ಅವರದೇ. ಎದುರಾಳಿಗೆ ಒಂದು ಮತ ಯಾಕೆ ಹೆಚ್ಚಿಸಬೇಕು, ಗೆಲ್ಲುವ ಸಂಭವವೇ ಇಲ್ಲದವನಿಗೆ ಹಾಕಿಬಿಟ್ಟರಾಯಿತು ಅಂತ ನಾಲ್ವರೂ ಬೇರೆಬೇರೆಯಾಗಿ ಲೆಕ್ಕ ಹಾಕಿದ್ದರು. ಈಗ ನಾಲ್ವರೂ ಕಪಾಟಿನ ಕೊಡಗಳನ್ನು ನೋಡುತ್ತ ನಿಂತರು.

ಐದನೆಯ ಚೀಟಿ ಖಾಲಿ ಇತ್ತು.

"ಇದರಾಗ ಏನೋ ಕಾರಸ್ತಾನ ಅದ," ಅಂದ ಸೆಕ್ರೆಟರಿ ಅದನ್ನು ಬೆಳಕಿಗೆ ಹಿಡಿದರು, ಮೂಸಿದರು. "ನಿಂಬಿ ರಸದಾಗ ಬರದಿರಬೇಕು, ಸ್ಟೋವ್ ಹಚ್ರಿ." ಕಾಯಿಸಿದೆವು. ಚೀಟಿ ಸುಟ್ಟುಹೋಯಿತು, ಅಕ್ಷರ ಕಾಣಲಿಲ್ಲ.

ಸಮಾರಂಭದಲ್ಲಿ ಮಾಸ್ತರರು ಕಪ್ ತೆಗೆದುಕೊಂಡು, ತಮ್ಮ ಹೆಸರೇ ಹೌದೋ ಅಲ್ಲವೋ ಅಂತ ಕನ್ನಡಕ ಏರಿಸಿ ಓದಿಕೊಂಡರು. ಸೋತ ಹುಡುಗರು ಸೀಟಿ ಹೊಡೆದರು. ಚಪ್ಪಾಳೆ ನಿಂತ ಮೇಲೆ ಅವರು ಮೈಕಿನ ಮುಂದೆ ಬಂದರು.

"ನಮ್ಮ ತಂಡ ಒಂದೂ ಮ್ಯಾಚ್ ಗೆದ್ದಿಲ್ಲ. ಆದರೂ ಈ ಕಪ್ ನನಗ ಬಂದದ. ಅಂದ ಮ್ಯಾಲ ನಾಲ್ಕೂ ಮಂದಿ ಕೋಚ್ ಏನು ವಿಚಾರ ಮಾಡ್ಯಾರಂತ ನನಗ ತಿಳಿದದ."

ಮೊದಲ ಸಾಲಿನ ನಾಲ್ವರೂ ತಲೆ ತಗ್ಗಿಸಿದರು.

"ಅವರ ಮ್ಯಾಲ ನನಗ ಸಿಟ್ಟಿಲ್ಲ," ಅಂದರು ಮಾಸ್ತರರು. "ನಾನೂ ಹಂಗೇ ವಿಚಾರ ಮಾಡಿದ್ದೆ. ನಮ್ಮ ಐದೂ ಮಂದಿಯೊಳಗ ಆಟ ಏನೂ ತಿಳೀದ ಕೋಚ್ ಯಾರಂತ ಭಾಳ ಹೊತ್ತು ಹುಡುಕಿದೆ. ಒಬ್ಬನೇ ಸಿಕ್ಕ. ಅವನ ಹೆಸರು ಬರಿಯಾಕ ನನಗ ನಿಯಮ ಅಡ್ಡ ಬಂತು. ಅದಕ್ಕ ಚೀಟಿ ಖಾಲಿ ಹಾಕಿದೆ."