ಉದುರದ ಸೇಬು, ಹೆದರದ ಜಿಂಕೆ

ಜಿಂಕೆಗೆ ಊಟ ಹಾಕುವುದರಲ್ಲಿ ಏನು ಮಹಾ ಇದೆ, ಎಂದುಕೊಂಡಿದ್ದೆ. ಧಾರವಾಡದ ಗಂಡನನ್ನು ಐವತ್ತು ವರ್ಷ ಮೈಸೂರಿನ ತಿಳಿಸಾರಿನಲ್ಲೇ ಸಾಕಿಕೊಂಡು ಬಂದವಳು ನಾನು. ಹುಲ್ಲು ತಿನ್ನುವ ಪ್ರಾಣಿ ನನಗೆ ಯಾವ ಲೆಕ್ಕ?

ನಾವಿರುವುದು ಆಸ್ಟಿನ್‌ಗೆ ಉತ್ತರದ ಜಾರ್ಜ್‌ಟೌನ್‌ನಲ್ಲಿ. ಇಲ್ಲಿ ಜಿಂಕೆಗಳಿಗೆ ಬರವಿಲ್ಲ. ಸಂಜೆಯಾದರೆ ಐದಾರು ಸೇರಿಕೊಂಡು, ರಿಟೈರ್ ಆದ ಮೇಷ್ಟರುಗಳ ಹಾಗೆ ಗಂಭೀರವಾಗಿ ವಾಕಿಂಗ್ ಹೊರಡುತ್ತವೆ. ಎಡಗಡೆ ಮನೆಯ ಗುಲಾಬಿ ತಿನ್ನುತ್ತವೆ, ಬಲಗಡೆ ಮನೆಯ ಪ್ಯಾನ್ಸಿ ಹೂ ತಿನ್ನುತ್ತವೆ. ಆ ಮನೆಯವರು ಜಿಂಕೆ ಓಡಿಸಲೆಂದು ಬಾಟಲಿಗಟ್ಟಲೆ ದುರ್ವಾಸನೆ ತಂದು ಸ್ಪ್ರೇ ಮಾಡಿ, ಅದೇ ವಾಸನೆಯಲ್ಲಿ ಕೂತು ಬಾರ್ಬೆಕ್ಯೂ ಮಾಡುತ್ತಾರೆ. ಬುದ್ಧಿವಂತರು. ನಮ್ಮ ಮನೆಯ ಮುಂದೆ ಮಾತ್ರ ಜಿಂಕೆಗಳು ಕತ್ತನ್ನೂ ತಿರುಗಿಸದೆ ಹೋಗುತ್ತವೆ. ಕಾರಣ, ನಮ್ಮವರ ಗಾರ್ಡನ್. ‘ನೋ ಮೇಂಟೆನೆನ್ಸ್’ ಎಂದು ಹೆಮ್ಮೆಯಿಂದ ಜಲ್ಲಿ ಹರಡಿಸಿ, ನಡುವೆ ಮೂರು ಕಳ್ಳಿ ನೆಡಿಸಿದ್ದಾರೆ. ಅದನ್ನು ನೋಡಿದರೆ ಜಿಂಕೆಯಿರಲಿ, ಪೋಸ್ಟ್‌ಮ್ಯಾನ್‌ಗೂ ಒಳಗೆ ಬರುವ ಮನಸ್ಸಾಗುವುದಿಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಹ್ಯೂಸ್ಟನ್‌ನಲ್ಲಿ ರೋಹಿಣಿ ಇದ್ದಾಳೆ.

ರೋಹಿಣಿ ನನ್ನ ಕಾನ್ವೆಂಟ್ ಕ್ಲಾಸ್‌ಮೇಟ್. ಮೈಸೂರಿನಲ್ಲಿ ಹತ್ತು ವರ್ಷ ಒಂದೇ ಬೆಂಚು. ಅಲ್ಲಿಯ ಸಿಸ್ಟರ್‌ಗಳು ನಮಗೆ ಎಲೊಕ್ಯೂಷನ್, ನೀಡಲ್‌ವರ್ಕ್, ವಿನಯ ಮೂರನ್ನೂ ಕಲಿಸಿದರು. ಮೂರನೆಯದಕ್ಕೆ ಪರೀಕ್ಷೆ ಇರಲಿಲ್ಲ, ಹಾಗಾಗಿ ನಾವಿಬ್ಬರೂ ಓದಲಿಲ್ಲ. ರೋಹಿಣಿ ನನಗೆ ಇವತ್ತಿನವರೆಗೆ ಒಂದು ಬಿರುಸು ಮಾತು ಆಡಿದವಳಲ್ಲ. ಅದಕ್ಕಿಂತ ಕೆಟ್ಟದ್ದು ಮಾಡುತ್ತಾಳೆ, ಕನಿಕರಪಡುತ್ತಾಳೆ. ಫೋನ್ ಎತ್ತಿದರೆ ಮೊದಲ ಮಾತೇ “ಪಾಪ, ವತ್ಸೀ, ಹೇಗಿದೀಯೇ?” ಒಂದು ಭಾನುವಾರ ತನ್ನ ಹಿತ್ತಲಿನ ಕೊಳದ ಮೀನುಗಳು ಚಪ್ಪಾಳೆ ತಟ್ಟಿದರೆ ಹೇಗೆ ಓಡಿಬರುತ್ತವೆ ಎಂದು ಅರ್ಧ ಗಂಟೆ ವರ್ಣಿಸಿದಳು. ಕೊನೆಗೆ ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು.

“ನಮ್ಮನೆಗೆ ಜಿಂಕೆ ಬರುತ್ವೆ ಕಣೇ. ಸೇಬಿನ ಮರದ ಕೆಳಗೆ. ನಾನು ಕಿಟಕೀಲಿ ಕೂತು ಕಾಫಿ ಕುಡೀತಾ ನೋಡ್ತಿರ್ತೀನಿ.”

“ಸೇಬಿನ ಮರ ಇದ್ಯಾ ನಿಮ್ಮನೇಲಿ?”

“ಮೂರು.” ಸಂಖ್ಯೆ ಸೇರಿಸಿದರೆ ಸುಳ್ಳಿಗೊಂದು ಘನತೆ ಬರುತ್ತದೆ.

“ಹಾಗಾದ್ರೆ ನವೆಂಬರ್‌ನಲ್ಲಿ ಬರ್ತೀನಿ. ಜಿಂಕೆ ಸೇಬು ತಿನ್ನೋದು ನೋಡದೆ ವಾಪಸ್ ಹೋಗಲ್ಲ.”

ಆಗ ಜನವರಿ. ಹತ್ತು ತಿಂಗಳಿದೆಯಲ್ಲ ಎಂದು ಐಪ್ಯಾಡ್ ತೆರೆದೆ. ಮಾಮೂಲಿ ಸೇಬು ಬೇಸಿಗೆಯಲ್ಲೇ ಉದುರಿ ಕೊಳೆತುಹೋಗುತ್ತದಂತೆ. ಆದರೆ ಜಿಂಕೆಗಳಿಗೆಂದೇ ಬೆಳೆಸುವ ಜಾತಿಯೊಂದಿದೆಯಂತೆ. ಹಣ್ಣನ್ನು ಚಳಿಗಾಲದವರೆಗೂ ಕೊಂಬೆಯಲ್ಲೇ ಹಿಡಿದಿಟ್ಟುಕೊಂಡು, ಬೇರೆಲ್ಲೂ ಮೇವು ಸಿಗದ ಹೊತ್ತಿನಲ್ಲಿ ದಿನಕ್ಕಿಷ್ಟರಂತೆ ಉದುರಿಸುತ್ತದಂತೆ. ಎಂಥ ಸಂಸ್ಕಾರವಂತ ಮರ! ನಮ್ಮ ಕಾನ್ವೆಂಟಿನ ಕಾರಿಡಾರಿನಲ್ಲಿ ಅಂಥದೇ ಒಂದು ಚಿತ್ರವಿತ್ತು, ಹಣ್ಣಿನ ಮರ, ಕೆಳಗೆ ಜಿಂಕೆ. ಕ್ಲಾಸಿನಿಂದ ಹೊರಗೆ ಕಳಿಸಿದಾಗಲೆಲ್ಲ ಅದರ ಮುಂದೆ ನಿಲ್ಲುತ್ತಿದ್ದೆ. ಹಾಗಾಗಿ ಅದನ್ನು ಬಹಳ ಚೆನ್ನಾಗಿ ಬಲ್ಲೆ. ಕಣ್ಣು ಒದ್ದೆಯಾಯಿತು. ಇಂಥ ಮರ ಬೆಳೆಸುವವರು ಎಷ್ಟು ಕರುಣಾಳುಗಳಿರಬೇಕು ಎಂದುಕೊಂಡು ಪೇಜ್ ಮುಚ್ಚಿದೆ. ಕೆಳಗೆ ಇನ್ನೂ ಬರೆದಿತ್ತು. ಓದಲಿಲ್ಲ.

ಡಾಲಸ್ ಆಚೆಯ ಒಂದು ನರ್ಸರಿಯಲ್ಲಿ ಆ ಗಿಡ ಸಿಗುತ್ತದೆಂದು ತಿಳಿದು ನಮ್ಮವರನ್ನು ಮೂರು ಗಂಟೆ ಡ್ರೈವ್ ಮಾಡಿಸಿದೆ. ಎಲೆಬಣ್ಣದ ಟೋಪಿಯ ಗಡ್ಡದವನೊಬ್ಬ ಮೂರು ಕಡ್ಡಿ ತಂದು ಕೊಟ್ಟ. ಜಿಂಕೆಗಳಿಗೆ ಕೆಂಪು ಸೇಬು ಇಷ್ಟವೋ ಹಸಿರೋ ಎಂದು ಕೇಳಿದೆ. ಅವನು ಟೋಪಿ ಸರಿಮಾಡಿಕೊಂಡು, ಅವಕ್ಕೆ ಅಂಥದ್ದೇನಿಲ್ಲ ಮ್ಯಾಮ್, ಎಂದ.

“ಹಣ್ಣು ಬಿಡಲಿಕ್ಕೆ ಐದು ವರ್ಷ ಬೇಕು ಅಂದಾನ ಅಂವ,” ಎಂದರು ನಮ್ಮವರು, ಕಾರಿನಲ್ಲಿ.

“ಅದು ಸರಿಯಾಗಿ ನೋಡಿಕೊಳ್ಳದೇ ಇರೋರಿಗೆ.”

“ನಿಮ್ಮ ಕಡೆ ಬಿಸಲು ಭಾಳ, ಈ ಗಿಡಕ್ಕ ಥಂಡಿ ಬೇಕು, ಬದುಕೂದ ಡೌಟು ಅಂತನೂ ಅಂದಾ.”

“ರೀ, ರಸ್ತೆ ನೋಡಿ ಡ್ರೈವ್ ಮಾಡಿ.”

ಜಲ್ಲಿ ಬಗೆದು ಮೂರನ್ನೂ ನೆಟ್ಟೆವು. ಬೇಸಿಗೆಯಲ್ಲಿ ಅವುಗಳ ಮೇಲೆ ನನ್ನ ಕಾಟನ್ ಸೀರೆ ಹೊದಿಸಿ ನೆರಳು ಮಾಡಿದೆ. ಅಕ್ಕಿ ತೊಳೆದ ನೀರು ಕುಡಿಸಿದೆ. ಇಂಗ್ಲಿಷಿನಲ್ಲಿ ಮಾತಾಡಿಸಿದೆ, ಇಲ್ಲಿಯ ಗಿಡಗಳಲ್ಲವೇ? ನವೆಂಬರ್ ಹೊತ್ತಿಗೆ ಮೂರೂ ನನ್ನ ಸೊಂಟದವರೆಗೆ ಬಂದಿದ್ದವು. ಎಲೆಗಳು ಬೆರಳೆಣಿಕೆಯಷ್ಟು. ಹಣ್ಣು ಸೊನ್ನೆ.

“ಶನಿವಾರ ಬರ್ತಿದೀನಿ ಕಣೇ,” ಎಂದಳು ರೋಹಿಣಿ ಫೋನಿನಲ್ಲಿ.

ಸತ್ಯ ಹೇಳಬಹುದಿತ್ತು. ಆದರೆ ಆ “ಪಾಪ, ವತ್ಸೀ” ಮುಂಚಿತವಾಗಿಯೇ ಕಿವಿಯಲ್ಲಿ ಮೊಳಗಿತು. ಶುಕ್ರವಾರ ಅಂಗಡಿಯಿಂದ ಎರಡು ಡಜನ್ ಕೆಂಪು ಸೇಬು ತಂದು, ಒಂದೊಂದರ ಸ್ಟಿಕರ್ ಕಿತ್ತು, ಬ್ಲೌಸ್ ಹೊಲಿಯುವ ಹಸಿರು ದಾರದಲ್ಲಿ ಗಿಡಕ್ಕೆ ಎಂಟರಂತೆ ಕಟ್ಟಿದೆ. ಮಲ್ಲಿಗೆ ಕಟ್ಟಿ ಪಳಗಿದ ಕೈ ನನ್ನದು. ಗಂಟುಗಳು ಅಮೋಘವಾಗಿದ್ದವು. ಭಾರಕ್ಕೆ ಗಿಡಗಳು ನಮಸ್ಕಾರ ಹಾಕತೊಡಗಿದ್ದರಿಂದ ಕೋಲು ಆನಿಸಿದೆ.

“ಏ ವತ್ಸಲಾ, ಇದು ಮೋಸ ಅಲ್ಲೇನು?” ಎಂದರು ನಮ್ಮವರು.

“ಡೆಕೊರೇಷನ್.”

“ಸನ್ಮಾನಕ್ಕ ಹಾರಾ ಹಾಕಿ ನಿಲ್ಲಿಸಿಧಂಗ ಕಾಣ್ತದ. ಇನ್ನ ಶಾಲು ಒಂದ ಬಾಕಿ.”

ಶನಿವಾರ ಸಂಜೆ ರೋಹಿಣಿಯನ್ನು ಅಡುಗೆಮನೆ ಕಿಟಕಿಯ ಬಳಿ ಕೂರಿಸಿ ಕಾಫಿ ಕೊಟ್ಟೆ. ಕನ್ನಡಕ ಏರಿಸಿ ಹೊರಗೆ ನೋಡಿದಳು.

“ಇಷ್ಟು ಪುಟ್ಟ ಗಿಡದಲ್ಲಿ ಇಷ್ಟು ದಪ್ಪ ಹಣ್ಣಾ?”

“ಡ್ವಾರ್ಫ್ ವೆರೈಟಿ.”

ಅಷ್ಟರಲ್ಲಿ ಜಿಂಕೆಗಳು ಬಂದವು. ಹೌದು, ಬಂದವು! ಮುಂದೆ ದೊಡ್ಡ ಕೊಂಬಿನ ಗಂಡು, ಹಿಂದೆ ಎರಡು ಹೆಣ್ಣು. ನಮ್ಮ ಜಲ್ಲಿಯ ಮೇಲೆ ಕಾಲಿಟ್ಟವು. ರೋಹಿಣಿ ಕಾಫಿ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ನನ್ನ ಜೀವನದಲ್ಲಿ ಅವಳು ನನ್ನನ್ನು ಮೆಚ್ಚಿಕೊಂಡ ಸಮಯವೆಂದರೆ ಅದೇ. ಸುಮಾರು ಒಂದೂವರೆ ನಿಮಿಷ.

ಗಂಡು ಒಂದು ಸೇಬಿಗೆ ಬಾಯಿ ಹಾಕಿ ಎಳೆಯಿತು. ಉದುರಲಿಲ್ಲ. ಇನ್ನೊಂದನ್ನು ಎಳೆಯಿತು. ಉದುರಲಿಲ್ಲ. ತಡವಾಗಿ ಉದುರುವ ಜಾತಿಯೇನೋ ಸರಿ, ಇದು ಅನಂತಕಾಲದವರೆಗೂ ಉದುರದ ಜಾತಿಯಾಗಿತ್ತು. ಜಿಂಕೆಗೆ ಸಿಟ್ಟು ಬಂತು. ತಲೆ ತಗ್ಗಿಸಿ ಕೊಂಬಿನಿಂದ ತಿವಿದು ತಿರುಚಿತು. ನನ್ನ ದಾರ ಕೊಂಬಿಗೆ ಸುತ್ತಿಕೊಂಡಿತು. ಗಿಡ ಬೇರು ಸಮೇತ ಕಿತ್ತು ಬಂತು. ಎಂಟು ಸೇಬು, ಒಂದು ಕೋಲು, ಒಂದು ಗಿಡ ಎಲ್ಲವನ್ನೂ ಕಿರೀಟದಂತೆ ಹೊತ್ತುಕೊಂಡು ಆ ಪ್ರಾಣಿ ರಾಜಗಾಂಭೀರ್ಯದಿಂದ ರಸ್ತೆ ದಾಟಿತು. ಒಂದು ಕಾರು ನಿಂತಿತು. ಫೋಟೊ ತೆಗೆದರು. ಇತ್ತ ಹೆಣ್ಣುಗಳೆರಡೂ ಉಳಿದ ಗಿಡಗಳ ಎಲೆಗಳನ್ನು ಒಂದೂ ಬಿಡದೆ ತಿಂದವು. ಸೇಬನ್ನು ಮೂಸಿಯೂ ನೋಡಲಿಲ್ಲ.

ಎದುರುಮನೆಯ ಅಂಗಳದಲ್ಲಿ ಜಿಂಕೆ ತಲೆ ಕೊಡವಿ ಕಿರೀಟ ಬಿಸಾಕಿ ಓಡಿತು. ಆ ಮನೆಯ ವೇಡ್ ಎಂಬಾತ ಗಿಡವನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದ. ಬುಡದಲ್ಲಿ ನೇತಾಡುತ್ತಿದ್ದ ನರ್ಸರಿಯ ಚೀಟಿಯನ್ನು ಓದಿಕೊಂಡೇ ಬಂದಿದ್ದ. ಅವನ ಮುಖದಲ್ಲಿ ಹೊಸ ಗೌರವ.

ನೀವೂ ಬೇಟೆ ಆಡ್ತೀರ ಅಂತ ಗೊತ್ತಿರಲಿಲ್ಲ ಮ್ಯಾಮ್, ಎಂದ. ಬೇಟೆಯ ಕಾಲದವರೆಗೆ ಹಣ್ಣು ಹಿಡಿದಿಟ್ಟು ಜಿಂಕೆಯನ್ನು ಬಂದೂಕಿನ ಎದುರಿಗೇ ಕರೆತರುವ ಗಿಡವಂತೆ ಇದು. ತನ್ನ ಜಮೀನಿನಲ್ಲೂ ಹನ್ನೆರಡು ನೆಟ್ಟಿದ್ದಾನಂತೆ. ನಿಮ್ಮ ಅಡುಗೆಮನೆ ಕಿಟಕಿಯಿಂದ ಗುರಿ ಒಳ್ಳೇದಿದೆ, ಎಂದು ಮೆಚ್ಚಿಕೊಂಡ.

ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತವಳು ನಾನು. ಆ ಚೀಟಿ ಹತ್ತು ತಿಂಗಳು ನನ್ನ ಕಣ್ಣೆದುರು ನೇತಾಡುತ್ತಿತ್ತು.

“ನಮ್ಮನ್ಯಾಗ ಜೊಂಡಿಗ್ಯಾ ಕಂಡ್ರೂ ಹೊಡೀಲಿಕ್ಕೆ ನನ್ನ ಕರೀತಾಳ ಈಕಿ,” ಎಂದು ಮನೆಯ ಜಿರಳೆ ಬೇಟೆಗಾರರಾದ ನಮ್ಮವರು ಒಳಗಿನಿಂದ ಕನ್ನಡದಲ್ಲೇ ಸಾಕ್ಷಿ ನುಡಿದರು.

ವೇಡ್ ಒಂದು ಸೇಬನ್ನು ಎತ್ತಿ ಹಸಿರು ದಾರವನ್ನು ಬೆರಳಿನಿಂದ ಮೀಟಿದ. ಹಣ್ಣನ್ನು ಕಟ್ಟಿದವರನ್ನು ಮಾತ್ರ ಇದುವರೆಗೆ ನೋಡಿರಲಿಲ್ಲ, ಎಂದ. ಆ ಸೇಬಿನ ಹಿಂಭಾಗದಲ್ಲಿ, ನನ್ನ ಕಣ್ಣು ತಪ್ಪಿಸಿ ಉಳಿದಿದ್ದ ಒಂದೇ ಒಂದು ಸ್ಟಿಕರ್ ಹೊಳೆಯುತ್ತಿತ್ತು.

ರೋಹಿಣಿ ನಗಲಿಲ್ಲ. ನಕ್ಕಿದ್ದರೆ ಕ್ಷಮಿಸುತ್ತಿದ್ದೆ. ನನ್ನ ಭುಜದ ಮೇಲೆ ಕೈಯಿಟ್ಟು, ಎಲೊಕ್ಯೂಷನ್ ಕ್ಲಾಸಿನ ಶುದ್ಧ ಉಚ್ಚಾರಣೆಯಲ್ಲಿ ವೇಡ್‌ಗೆ ಹೇಳಿದಳು, “ಶೀ ಮೀನ್ಸ್ ವೆಲ್.” “ಪಾಪ, ವತ್ಸೀ”ಯ ಇಂಗ್ಲಿಷ್ ಅನುವಾದ.

ಮರುದಿನ ಬೆಳಿಗ್ಗೆ ಕಾರು ಹತ್ತುವಾಗ ಅಪ್ಪಿಕೊಂಡು, “ಮುಂದಿನ ಸಲ ಸೇಬು ನಾನೇ ತರ್ತೀನಿ ಬಿಡೇ. ತೊಟ್ಟು ಉದ್ದ ಇರೋವು. ಕಟ್ಟೋಕೆ ಸಲೀಸು,” ಎಂದಳು.

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ.

“ಯಾವ ಅಂಗಡೀಲಿ ಸಿಗುತ್ತೆ?” ಎಂದು ಕೇಳಿಬಿಟ್ಟೆ.