ಕೂಡದ ಪರಕಾರ

ನಾನು ಇತಿಹಾಸದ ಮಾಸ್ತರ. ಸತ್ತುಹೋದ ರಾಜರ ಹೆಸರನ್ನೆಲ್ಲ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಅಂಥವನಿಗೆ ಒಂದು ಲಂಗ ಹೊಲಿಯುವುದು ಯಾವ ಲೆಕ್ಕ?

ರಾಯಚೂರಿನ ನಮ್ಮ ಓಣಿಯವರು ವಿಜಯನಗರದ ರಾಣಿಯ ನಾಟಕ ಆಡಲು ಹೊರಟಾಗ, ರಾಣಿಯ ಪರಕಾರದ, ಅಂದರೆ ಲಂಗದ, ಹೊಣೆಯನ್ನು ನಾನೇ ಮೈಮೇಲೆ ಹಾಕಿಕೊಂಡೆ. ಮನೆಯಲ್ಲಿ ಹೊಲಿಗೆ ಯಂತ್ರವಿತ್ತು. ಅದನ್ನು ತುಳಿಯುತ್ತಿದ್ದ ಹೆಂಡತಿ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಶಾಲೆಯಿಂದ ಬಂದರೆ ಮನೆಯಲ್ಲಿ ಮಾತಾಡುವವನೂ ನಾನೇ, ಕೇಳುವವನೂ ನಾನೇ.

"ಐತಿಹಾಸಿಕ ಸತ್ಯಕ್ಕೆ ಕುಂದು ಬರಬಾರದು!" ಎಂದು ಘೋಷಿಸಿದೆ. ಸೊಂಟದ ಬಳಿ ಬಟ್ಟೆಯನ್ನು ಮಡಚಿ ಮಡಚಿ ನೆರಿಗೆ ಹಿಡಿಯಬೇಕೋ, ದಾರ ಪೋಣಿಸಿ ಎಳೆದು ಸುಕ್ಕು ಕೂಡಿಸಬೇಕೋ? ಪ್ರಶ್ನೆ ಓಣಿಯಲ್ಲೆಲ್ಲ ಹಬ್ಬಿತು.

ಪಕ್ಕದ ಮನೆಯ ಸುಬ್ಬಕ್ಕ ಅಂದೇ ಬಂದರು. "ಸುಕ್ಕು ಹಿಡೀರಿ ಮಾಸ್ತರ್ರ, ಕೆಳಗ ಘೇರು ಅಗಲಾಗಿ ಚಂದ ಬರ್ತದ."

ರಾಣಿಯ ಪಾತ್ರದ ಭೀಮಣ್ಣನೂ ಬಂದ. ಟಪಾಲು ಹಂಚುವವನು, ಮೀಸೆ ಬೋಳಿಸಲು ಇನ್ನೂ ಒಪ್ಪಿರಲಿಲ್ಲ. "ನಿರಿಗಿನೇ ಇರ್ಲಿ ಸರ. ಸುಕ್ಕು ಹಿಡದ್ರ ನನ್ನ ಹೊಟ್ಟಿ ಡೊಳ್ಳಾಗಿ ಕಾಣತದ."

"ಹೊಟ್ಟಿ ಇದ್ದಂಗ ಕಾಣತದ. ಪಾಪ, ಪರಕಾರ ಏನ್ ಮಾಡೀತು!" ಎಂದರು ಸುಬ್ಬಕ್ಕ.

ನನ್ನ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು! ತಕ್ಷಣ ಚಹಾಕ್ಕಿಟ್ಟೆ. ತೀರ್ಮಾನವನ್ನು ಮರುದಿನಕ್ಕೆ ಮುಂದೂಡಿದೆ. ಮರುದಿನ ಮತ್ತೆ ಬಂದರು, ಮತ್ತೆ ಜಗಳಾಡಿದರು, ನಾನು ಮತ್ತೆ ಮುಂದೂಡಿದೆ. ನಿಜ ಹೇಳುತ್ತೇನೆ, ನನಗೆ ನೆರಿಗೆಯೂ ಬೇಕಿರಲಿಲ್ಲ, ಸುಕ್ಕೂ ಬೇಕಿರಲಿಲ್ಲ. ಅವರು ಬರುತ್ತಿದ್ದರೆ ಸಾಕಿತ್ತು.

ಆದರೆ ನಾಟಕ ಹತ್ತಿರ ಬಂತು. "ರಾಣಿ ಧೋತ್ರದಾಗ ಬರಬೇಕೇನ್ರಿ?" ಎಂದು ಭೀಮಣ್ಣ ಗುಡುಗಿದ. ವಿಧಿಯಿಲ್ಲದೆ, ಐತಿಹಾಸಿಕ ಸಾಕ್ಷಿ ಹುಡುಕಿಕೊಂಡು ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ. ಅಲ್ಲಿನ ಹಳೆಯ ಗುಡಿಯ ಗೋಡೆಯಲ್ಲಿ ಕಲ್ಲಿನ ಹೆಂಗಸೊಬ್ಬಳು ನಿಂತಿದ್ದಾಳೆ. ಕನ್ನಡಕ ಒರೆಸಿಕೊಂಡು ನೋಡಿದೆ. ಸೊಂಟದಿಂದ ಪಾದದವರೆಗೆ ಗೆರೆ ಗೆರೆ. ನೆರಿಗೆಯೇ!

ಇನ್ನೊಂದು ಮಹತ್ತರ ಸಂಗತಿಯನ್ನೂ ಪತ್ತೆಹಚ್ಚಿದೆ. ಅಷ್ಟು ಗಾಳಿ ಬೀಸುತ್ತಿದ್ದರೂ ಒಂದು ನೆರಿಗೆಯೂ ಅಲುಗುತ್ತಿರಲಿಲ್ಲ! ಅಂದರೆ ಆ ಕಾಲದವರು ಬಟ್ಟೆಗೆ ಭಾರೀ ಗಂಜಿ ಹಾಕುತ್ತಿದ್ದರು. ಕಲ್ಲು ಗಾಳಿಗೆ ಅಲುಗುವುದಿಲ್ಲ ಎಂಬುದು ನನ್ನ ಪಾಂಡಿತ್ಯಕ್ಕೆ ಹೊಳೆಯಲಿಲ್ಲ.

ಮನೆಗೆ ಬಂದು ನೆರಿಗೆ ಹಿಡಿದು ಹೊಲಿದೆ. ನನ್ನ ಧೋತ್ರಗಳಿಗೆ ಗಂಜಿ ಹಾಕುತ್ತಿದ್ದವಳು ಹೆಂಡತಿ. ಎಷ್ಟು ಹಾಕಬೇಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ಕಡಿಮೆಯಾಗುವುದು ಬೇಡವೆಂದು ಒಂದು ಹಂಡೆ ಗಂಜಿ ಕಾಯಿಸಿ ಪರಕಾರವನ್ನು ಅದರಲ್ಲಿ ಮುಳುಗಿಸಿದೆ. ಉಳಿದದ್ದನ್ನು ರಾಯಚೂರಿನ ಬಿಸಿಲು ನೋಡಿಕೊಂಡಿತು.

ಪರದೆ ಏಳುವ ಹೊತ್ತಿಗೆ ಭೀಮಣ್ಣನನ್ನು ಅದರೊಳಗೆ ಇಳಿಸಿದೆವು. "ಮಹಾರಾಣಿಯವರು ಸಿಂಹಾಸನದಲ್ಲಿ ವಿರಾಜಮಾನರಾಗಬೇಕು" ಎಂದ ಮಂತ್ರಿ. ಮಹಾರಾಣಿ ಕೂತಳು. ಪರಕಾರ ಕೂಡಲಿಲ್ಲ! ಮುಂದಿನ ಅಂಚು ಮೇಲೆದ್ದು ಅವಳ ಮುಖ ಮುಚ್ಚಿತು. ಕೆಳಗೆ ಟಪಾಲಿನವನ ಖಾಕಿ ಚಡ್ಡಿ ಸಭೆಗೆಲ್ಲ ದರ್ಶನ ಕೊಟ್ಟಿತು.

"ಯಪ್ಪಾ ಮಾಸ್ತರ, ಕೂಡಾಕ ಬರವಲ್ದು!" ಎಂದು ಪರಕಾರದ ಹಿಂದಿನಿಂದ ರಾಜವಾಣಿ ಕೇಳಿಸಿತು. ಆಮೇಲೆ ರಾಣಿ ಕೊನೆಯವರೆಗೂ ನಿಂತೇ ರಾಜ್ಯವಾಳಿದಳು.

ಪರಕಾರ ನನ್ನ ಮನೆಗೆ ವಾಪಸು ಬಂತು. ನೆರಿಗೆಯೋ ಸುಕ್ಕೋ ತೀರ್ಮಾನವಾಗಿತ್ತಲ್ಲ, ವಾದಿಸಲು ಯಾರೂ ಬರಲಿಲ್ಲ. ಸುಬ್ಬಕ್ಕ ಮಾತ್ರ ಗೋಡೆಯಾಚೆಯಿಂದ, "ನೀರಾಗ ಅದ್ದಿರಿ ಮಾಸ್ತರ್ರ, ಮೆತ್ತಗಾಗತದ" ಎಂದರು.

ನಾನು ಅದ್ದಿಲ್ಲ. ಅದ್ದಿದರೆ ಕುಸಿದು ಬೀಳುತ್ತದೆ. ಈಗ ನಡುಮನೆಯಲ್ಲಿ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿದೆ. ಸಾಯಂಕಾಲ ಬಾಗಿಲು ತೆಗೆದರೆ ಯಾರೋ ಕಾಯುತ್ತಿದ್ದಾರೆ ಅನಿಸುತ್ತದೆ. ಚಹಾಕ್ಕಿಡುತ್ತೇನೆ. ಬಂದವರಿಗೆ ಮೊದಲು "ಕೂಡ್ರಿ" ಅನ್ನುವುದು ನಮ್ಮ ಕಡೆಯ ರೀತಿ. ಸಿಕ್ಕ ಒಬ್ಬ ಅತಿಥಿಗೂ ಅಷ್ಟು ಅನ್ನಲಾಗದಂತೆ ಹೊಲಿದಿಟ್ಟೆನಲ್ಲ!