ಯಜಮಾನರ ಬೀಗ ಹಾಕಿದ ಫ್ಲೆಕ್ಸು

ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನೋದನ್ನು ಕಂಡುಹಿಡಿದವನು ನಾನೇ, ರಾಮನಗರದ ಬಸ್ ಸ್ಟಾಂಡ್ ಪಕ್ಕದಲ್ಲಿ ಕೂತು. ಇದು ಸುಳ್ಳು. ಬಸ್ ಸ್ಟಾಂಡ್ ಪಕ್ಕ ಕೂತಿದ್ದು ಮಾತ್ರ ನಿಜ. ಅಲ್ಲೊಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಆಪರೇಟರು. ಮದುವೆ ಕರೆಯೋಲೆಗಳೆಲ್ಲ ಮೊಬೈಲಿಗೆ ಹೋದ ಮೇಲೆ ನಮ್ಮಲ್ಲಿಗೆ ಬರುವವರು ಸಾವಿನ ಮನೆಯವರೇ. ಬೆಳಗಿನಿಂದ ಸಂಜೆವರೆಗೆ ಹಾರ ಹಾಕಿದ ಮುಖಗಳನ್ನು ನೋಡುತ್ತಾ ಕೂತವನಿಗೆ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತದೆ. ಕೆಲವು ತಾವಾಗಿಯೇ ಆಗುತ್ತವೆ. ಉಳಿದವನ್ನು ನಾನು ಮಾಡುತ್ತೇನೆ.

ಕೈ ಮುಗಿದವರು

ಅಂಗಡಿಯ ಯಜಮಾನರದು ಒಂದು ಅಭ್ಯಾಸ. ಯಾರೇ ಸಾಯಲಿ, ಹಳೇ ಫ್ಲೆಕ್ಸಿನ ಫೈಲನ್ನೇ ತೆಗೆದು ಹೆಸರು, ಫೋಟೋ ಬದಲಾಯಿಸುವುದು. ಆದರೆ ಕೆಳಗಡೆ 'ದುಃಖತಪ್ತರು' ಅಂತ ಸಾಲಾಗಿ ಬರುವ ಫೋಟೋಗಳ ಕೊನೆಯಲ್ಲಿ ತಮ್ಮದೊಂದು ಫೋಟೋ ಕಾಯಂ. ಕೈ ಮುಗಿದು, ತಲೆ ಒಸಿ ವಾಲಿಸಿಕೊಂಡು. ಅಂಗಡಿಗೆ ಬಿಟ್ಟಿ ಪ್ರಚಾರ.

ಕೋಡಿಹಳ್ಳಿಯ ಒಬ್ಬರು ಅದನ್ನು ಗಮನಿಸಿಬಿಟ್ಟರು. "ಈ ಕೊನೇಲಿರೋನು ಯಾರು?"

"ನಾನೇ ಕಣಪ್ಪ. ನಿಮ್ ದುಃಖ ನಂದೂ ಅಲ್ವಾ?"

"ನಮ್ಮಪ್ಪನ್ನ ನೀವ್ಯಾವತ್ತು ನೋಡಿದ್ರಿ?"

"ಈಗ ಫೋಟೋದಲ್ಲಿ ನೋಡ್ದೆ. ಒಳ್ಳೆ ಮನುಷ್ಯ."

"ತೆಗೀರಿ ಅದನ್ನ."

ಫೈಲು ಅನ್ನೋದಕ್ಕೆ ಕೆಲವು ಗುಣಲಕ್ಷಣಗಳಿರುತ್ತವೆ: ಯಾರು ನೋಡಬಹುದು, ಯಾರು ತಿದ್ದಬಹುದು, ಕೊನೆಯ ಸಲ ಯಾವಾಗ ತಿದ್ದಿದ್ದು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಅವನ್ನು ಬದಲಾಯಿಸಬಹುದು. ನಾನು ಹಿಂದುಗಡೆಯ ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ಸದ್ದಿಲ್ಲದೆ ಚ್‌ಮಾಡ್ ಅನ್ನೋ ಕಮಾಂಡ್ ಕೊಟ್ಟೆ. ಆ ಫೈಲನ್ನು ನೋಡಬಹುದು, ತಿದ್ದುವಂತಿಲ್ಲ ಅಂತಾಯಿತು. ಯಜಮಾನರು ತಮ್ಮ ಫೋಟೋ ಅಳಿಸಿ ಸೇವ್ ಒತ್ತಿದರು. ಆಗಲ್ಲ ಅಂತ ಇಂಗ್ಲಿಷಿನಲ್ಲಿ ಸೂಚನೆ ಬಂತು. ಓದದೆ ಓಕೆ ಒತ್ತುವುದು ಅವರ ಇನ್ನೊಂದು ಅಭ್ಯಾಸ. ಕಾಗದದ ಮೇಲೆ ನಮೂನೆ ತೆಗೆದರೆ ಕೈ ಮುಗಿದುಕೊಂಡು ಅಲ್ಲೇ ನಿಂತಿದ್ದಾರೆ. ಮತ್ತೆ ಅಳಿಸಿದರು, ಮತ್ತೆ ಬಂದರು.

"ಏನ್ರೀ ಇದು, ಓಗು ಅಂದ್ರೂ ಓಯ್ತಾ ಇಲ್ವಲ್ಲ!" ಕೋಡಿಹಳ್ಳಿಯವರು ರೇಗಿದರು.

ಯಜಮಾನರು ಬೆವರು ಒರೆಸಿಕೊಂಡರು. "ನಿಮ್ಮಪ್ಪನ್ನ ಬುಟ್ಟೋಗಕ್ಕೆ ಮನಸ್ಸೇ ಬತ್ತಿಲ್ಲ ಕಣಪ್ಪ."

ಭಾನುವಾರದ ಫೈಲು

ಸಾವಿನ ಮನೆಯವರಿಗೆ ಎಲ್ಲ ಬೇಗ ಆಗಬೇಕು. ತಡವಾದರೆ ಗಲಾಟೆ. ಅದಕ್ಕೇ ಒಂದು ಸ್ಕ್ರಿಪ್ಟ್ ಬರೆದಿಟ್ಟೆ. ಸ್ಕ್ರಿಪ್ಟ್ ಅಂದರೆ ಬೇರೇನಲ್ಲ, ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಇನ್ನೊಂದು ಫೈಲು. ಒಂದು ಸಲ ಕರೆದರೆ ಇಡೀ ಫೋಲ್ಡರಿಗೆ ಕೆಲಸ ಮುಗಿಸುತ್ತದೆ. ನನ್ನ ಸ್ಕ್ರಿಪ್ಟು ಎಲ್ಲ ಫೈಲುಗಳ ತಾರೀಖನ್ನೂ ಹಿಂದಕ್ಕೆ ತಳ್ಳುತ್ತಿತ್ತು. ಯಾರಾದರೂ ಕೂಗಾಡಿದರೆ ಪರದೆ ತಿರುಗಿಸಿ, "ನೋಡಿ, ಆವತ್ತೇ ರೆಡಿ. ನೀವೇ ಬರಲಿಲ್ಲ" ಅನ್ನಬಹುದಿತ್ತು.

ಕಲ್ಯದಿಂದ ಕುರಿ ಸಾಕುವವರೊಬ್ಬರು ಬಂದರು. ಫ್ಲೆಕ್ಸ್ ಇನ್ನೂ ಪ್ರಿಂಟಾಗಿರಲಿಲ್ಲ. ಕೂಗಾಡಿದರು. ಯಜಮಾನರು ಗತ್ತಿನಿಂದ ಪರದೆ ತಿರುಗಿಸಿದರು. ಆ ಮನುಷ್ಯ ಬಗ್ಗಿ ನೋಡಿ, ಬೆರಳಲ್ಲಿ ಏನೋ ಎಣಿಸಿ, ಮತ್ತೆ ನೋಡಿದರು.

"ಇದ್ರಲ್ಲಿ ಭಾನುವಾರ ಅಂತ ಐತೆ. ನಮ್ಮಪ್ಪ ಓಗಿದ್ದು ಸೋಮವಾರ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ನಮ್ಮಲ್ಲಿ ಯಾವ್ ಕೆಲ್ಸನೂ ತಡ ಮಾಡಲ್ಲ ಕಣಪ್ಪ."

ಅವರು ಜಗಳ ಆಡಲಿಲ್ಲ. ಮೆಲ್ಲಗೆ ಹಿಂದೆ ಸರಿದು ಬಾಗಿಲವರೆಗೆ ಹೋದವರು ಅಲ್ಲಿಂದಲೇ ಕೇಳಿದರು: "ಸಾ, ನಮ್ ಚಿಕ್ಕಪ್ಪಂಗೂ ಉಸಾರಿಲ್ಲ. ಅವರ್ದೇನಾರಾ ಒಳಗೈತಾ, ಒಸಿ ನೋಡಿ ಯೋಳಿ."

ಬೀಗ

ಆಮೇಲೆ ಯಜಮಾನರಿಗೇ ಹುಷಾರು ತಪ್ಪಿತು. ಬೆಂಗಳೂರಿನ ಆಸ್ಪತ್ರೆಗೆ ಹೋಗಿಬಂದರು, ಮತ್ತೆ ಹೋದರು. ಷರಟು ದೊಡ್ಡದಾಗುತ್ತಾ ಬಂತು. ಒಂದು ಬೆಳಿಗ್ಗೆ ಬಂದವರೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು.

"ಏಳ್ಲಾ. ನಂದು ನಾನೇ ಮಾಡ್ಕತೀನಿ."

"ಏನನ್ನ ಯಜಮಾನ್ರೇ?"

"ಫ್ಲೆಕ್ಸು. ನಿನ್ ಕೈಗೆ ಬುಟ್ರೆ ನನ್ ಫೋಟೋಗೆ ಕೊಂಬು ಇಕ್ತೀಯ."

"ಚೆ, ಕೊಂಬಲ್ಲ. ಕೂಲಿಂಗ್ ಗ್ಲಾಸು."

ಅವರು ನಗಲಿಲ್ಲ. ನಾನೂ ನಗಿಸಲೆಂದು ಹೇಳಿದ್ದಲ್ಲ. ಬಾಯಿಗೆ ಬೇರೇನೂ ಬರಲಿಲ್ಲ.

"ತಿಥಿ ದಿನ ನನ್ ನೋಡಿ ಊರೋರು ನಗಬಾರ್ದು ಕಣ್ಲಾ. ಅಷ್ಟೇ ನಾನು ಕೇಳಾದು. ನೀನೂ ತಿದ್ದಕ್ಕಾಗ್ದಂಗೆ ಬೀಗ ಹಾಕಾದ್ ಎಂಗೆ, ಯೋಳ್ಕೊಡು."

ಹೇಳಿಕೊಟ್ಟೆ. ಚ್ಯಾಟರ್ ಅಂತ ಒಂದು ಕಮಾಂಡ್. ಅದನ್ನು ಹಾಕಿದ ಫೈಲನ್ನು ಯಾರೂ ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಬೀಗ ತೆಗೆಯಲು ಮುಖ್ಯ ಪಾಸ್‌ವರ್ಡ್ ಬೇಕು. ಅವರು ಪಾಸ್‌ವರ್ಡ್ ಬದಲಾಯಿಸಿ, ಪರದೆಯನ್ನು ಗೋಡೆ ಕಡೆ ತಿರುಗಿಸಿಕೊಂಡು, ಮಧ್ಯಾಹ್ನದವರೆಗೆ ಒಂದೊಂದೇ ಅಕ್ಷರ ಒತ್ತಿದರು. ಬೀಗ ಹಾಕಿಯಾದ ಮೇಲೆ, "ಇದನ್ನ ಮುಟ್ಟಲ್ಲ ಅನ್ನು" ಅಂದರು.

"ಮುಟ್ಟಲ್ಲ ಯಜಮಾನ್ರೇ."

ಪಾಸ್‌ವರ್ಡನ್ನು ಜೊತೆಗೇ ತೆಗೆದುಕೊಂಡು ಹೋದರು.

ತಿಥಿಗೆ ಫ್ಲೆಕ್ಸ್ ತಾ ಅಂತ ಯಜಮಾನರ ಹೆಂಡತಿ, ನಮ್ಮ ಅಮ್ಮಾವರು, ಹೇಳಿಕಳಿಸಿದರು. ಮಿಷನ್ನಿಗೆ ಕೊಟ್ಟು ಮುಂದೆ ನಿಂತೆ. ಮೇಲಿಂದ ಕೆಳಕ್ಕೆ ನಿಧಾನವಾಗಿ ಬಂತು. 'ಭಾವಪೂರ್ಣ ಶ್ರದ್ಧಾಂಜಲಿ' ಬಂತು. ಹಾರದೊಳಗೆ ಯಜಮಾನರು ಬಂದರು, ತಲೆತುಂಬ ಕೂದಲಿದ್ದ ಕಾಲದವರು. ಆಮೇಲೆ 'ದುಃಖತಪ್ತರು'. ಅಮ್ಮಾವರು, ತಮ್ಮಂದಿರು, ಭಾವಮೈದುನ. ಕೊನೆಯಲ್ಲಿ, ಕೈ ಮುಗಿದು, ತಲೆ ಒಸಿ ವಾಲಿಸಿಕೊಂಡು, ಯಜಮಾನರು.

ಹಳೇ ಫೈಲನ್ನೇ ತೆಗೆದು ಹೆಸರು ಬದಲಾಯಿಸಿದ್ದರು. ಅಭ್ಯಾಸ.

ತಿಳಿದವರು ಕೇಳುತ್ತೀರಿ: ಬೀಗ ಹಾಕಿದ ಫೈಲನ್ನೂ ಕಾಪಿ ಮಾಡಬಹುದಲ್ಲ, ಕಾಪಿಯಲ್ಲಿ ಅಳಿಸಬಹುದಿತ್ತಲ್ಲ ಅಂತ. ನನಗೂ ಗೊತ್ತು. ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಮುಟ್ಟಲ್ಲ ಅಂದಿದ್ದೆನಲ್ಲ.

ಮನೆ ಮುಂದೆ ಕಟ್ಟಿದೆವು. ಬಂದವರು ಮೇಲೆ ನೋಡಿ ಕಣ್ಣೊರೆಸಿಕೊಂಡರು, ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಥೂ, ಸತ್ತೋರ್ನೂ ಬುಡಲ್ವಲ್ಲೋ ನೀನು!" ಜೀವಮಾನದಲ್ಲಿ ನಾನು ಮಾಡದೆ ಬಿಟ್ಟ ತರಲೆ ಅದೊಂದೇ. ಊರೆಲ್ಲ ಸೇರಿ ಬೈದದ್ದೂ ಅದೊಂದಕ್ಕೇ.

ಗಲಾಟೆ ಕೇಳಿ ಅಮ್ಮಾವರು ಹೊರಗೆ ಬಂದರು. ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸೆರಗು ತೆಗೆದರೆ ನಗುತ್ತಿದ್ದಾರೆ, ಕಣ್ಣಲ್ಲಿ ನೀರು.

"ಅವನ್ನ ಯಾಕ್ ಬೈತೀರ? ತಾಲ್ಲೂಕಲ್ಲಿ ಯಾರ್ ಸತ್ರೂ ಕೈ ಮುಗ್ದ್ಕಂಡ್ ನಿಂತಿದ್ ಮನುಷ್ಯ. ತಮ್ ಸಾವಿಗೆ ತಾವೇ ಬರ್ದೆ ಇರ್ತಾರಾ?"

ತಿಥಿ ಮನೆ ಅಂತ ನೋಡದೆ ಎಲ್ಲರೂ ನಕ್ಕರು.

ಇದರಲ್ಲಿ ನಿಜ ಎಷ್ಟು ಅಂತ ಕೇಳಬೇಡಿ. ಇನ್ನೊಂದು ಟೀ ಹೇಳಿ. ಕಥೆ ಹೇಳುತ್ತಾ ಆರಿಹೋದ ಈ ಟೀಗೂ ಸೇರಿಸಿ ದುಡ್ಡು ನೀವೇ ಕೊಡಿ.